ಕೆರೆಯ ನೀರನ್ನು ಓದಬಲ್ಲವರು

ನಮ್ಮ ಹಳೆಯ ಗ್ರಾಮವ್ಯವಸ್ಥೆಯಲ್ಲಿ ನೀರಗಂಟಿ ಎಂಬ ಒಬ್ಬನಿದ್ದ. ಕೆರೆಯ ತೂಬನ್ನು ಯಾವ ದಿನ ಎತ್ತಬೇಕು, ಎಷ್ಟು ಹೊತ್ತು ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಹಾಯಬೇಕು ಎಂಬುದನ್ನೆಲ್ಲ ಬಲ್ಲವನು ಅವನು. ಏರಿಯ ಮೇಲೆ ನಡೆದಾಡುತ್ತಲೇ ಎಲ್ಲಿ ಬಿಲ ಬಿದ್ದಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂಬುದನ್ನು ಗುರುತಿಸುತ್ತಿದ್ದ. ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಪರಿಚಿತವಾದವು. ಕೆರೆಯನ್ನು ಕಟ್ಟಿದವರಿಗೆ, ಕಟ್ಟಿದ ಕೆರೆಯನ್ನು ಕಾಪಾಡಿಕೊಂಡು ಬರುವುದಕ್ಕೆ, ಬಿಟ್ಟ ಭೂಮಿ ಮತ್ತು ಆದಾಯಗಳಿಗೆ ಸಂಬಂಧಿಸಿದ ಮಾತುಗಳು ಇವು. ಕೆರೆಯನ್ನು ಕಟ್ಟಿಸಿದರೆ ಸಾಲದು, ಅದನ್ನು ಬಲ್ಲವನೊಬ್ಬ ಅದರ ಪಕ್ಕದಲ್ಲಿಯೇ ಇರಬೇಕು, ಅವನ ಜೀವನಕ್ಕೂ ಊರೇ ಏರ್ಪಾಡು ಮಾಡಬೇಕು ಎಂಬ ವಿವೇಕ ನಮ್ಮ ಹಿರಿಯರಿಗಿತ್ತು.

ನೀರಗಂಟಿಯದು ನೀರಿನ ಪ್ರಮಾಣವನ್ನು ಕುರಿತ ತಿಳಿವಳಿಕೆ. ಅದು ಆ ಕಾಲಕ್ಕೆ ಸಾಕಾಗಿತ್ತು. ಇಂದು ಕೆರೆಗೆ ಬಂದು ಸೇರುವುದು ಮಳೆಯ ನೀರೊಂದೇ ಅಲ್ಲ. ಊರಿನ ಚರಂಡಿ, ಹೊಲದ ರಸಗೊಬ್ಬರ, ಕಾರ್ಖಾನೆಯ ಕೊಳೆ ಎಲ್ಲವೂ ಅಲ್ಲಿಗೇ ಬರುತ್ತವೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಯಾರು ಬೇಕಾದರೂ ದಡದಲ್ಲಿ ನಿಂತು ಹೇಳಬಹುದು. ಎಂಥ ನೀರಿದೆ ಎಂದು ಹೇಳಬಲ್ಲವರು ಯಾರು? ಈ ಎರಡನೆಯ ಬಗೆಯ ನೀರಗಂಟಿ ನಮಗೆ ಬೇಕಾಗಿದ್ದಾನೆ, ಅವನು ದೂರದ ಪ್ರಯೋಗಾಲಯದಲ್ಲಿ ಅಲ್ಲ, ಕೆರೆಯ ಬಳಿಯಲ್ಲಿಯೇ ಇರಬೇಕಾಗಿದೆ ಎಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

ನಾನು ವಿಜ್ಞಾನಿಯಲ್ಲ. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದವನು. ಹಳಗನ್ನಡ ಕಾವ್ಯ, ಗ್ರಂಥಸಂಪಾದನೆ ನನ್ನ ವಿಷಯಗಳು. ಅಂಥವನು ಕೆರೆಯ ಹುಳುಗಳ ಮಾತನ್ನು ಎತ್ತಿಕೊಂಡರೆ ಕೇಳುಗರಿಗೆ ಸೋಜಿಗವಾದೀತು. ನಾನು ಕೆಲಸಮಾಡುತ್ತಿದ್ದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿದ್ದರು. ಸುತ್ತಲಿನ ಕೆರೆಗಳ ನೀರನ್ನು ಸೋಸಿ, ಅದರಲ್ಲಿ ಸಿಕ್ಕ ಸೂಕ್ಷ್ಮಜೀವಿಗಳನ್ನು ಗುರುತಿಸಿ ಬರೆದಿಡುವುದು ಅವರ ಹವ್ಯಾಸ. ಅವರು ಒಂದು ದಿನ ನನ್ನಲ್ಲಿಗೆ ಬಂದು, ಈ ಜೀವಿಗಳಿಗೆ ಕನ್ನಡದಲ್ಲಿ ಹೆಸರಿಡಲು ನೆರವಾಗಬೇಕೆಂದು ಕೇಳಿದರು. ಹೆಸರಿಡುವ ಮುನ್ನ ನೋಡಬೇಕಲ್ಲ! ಅವರ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಅಂದಿನಿಂದ ಕೆರೆಯ ನೀರು ನನಗೆ ಬರಿಯ ನೀರಾಗಿ ಕಾಣಲಿಲ್ಲ.

ನೀರಿನ ಹರಿವಿಗೆ ಒಡ್ಡಿಕೊಂಡು ತೇಲುವ ಜೀವಿಗಳನ್ನು ಒಟ್ಟಾಗಿ ಪ್ಲ್ಯಾಂಕ್ಟನ್ ಎಂದು ಕರೆಯುತ್ತಾರೆ. ಅಲೆದಾಡುವಂಥದು ಎಂಬ ಅರ್ಥದ ಗ್ರೀಕ್ ಪದದಿಂದ ಜರ್ಮನಿಯ ವಿಕ್ಟರ್ ಹೆನ್ಸೆನ್ 1887ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ನಮ್ಮ ಪಾಠಪುಸ್ತಕಗಳು ಇದನ್ನು ಪ್ಲವಕ ಎಂದಿವೆ. ಪ್ಲವ ಎಂದರೆ ತೇಲುವುದು, ತೆಪ್ಪ. ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರೂ ಅದೇ ಆದುದರಿಂದ ಕಿವಿಗೆ ಹೊಸದಲ್ಲ. ಸಸ್ಯಜಾತಿಗೆ ಸೇರಿದ ಪಾಚಿಗಳು ಸಸ್ಯಪ್ಲವಕಗಳು. ಅವನ್ನು ತಿಂದು ಬದುಕುವ ಪುಟ್ಟ ಪ್ರಾಣಿಗಳು ಪ್ರಾಣಿಪ್ಲವಕಗಳು. ಪಾಚಿಗೂ ಮೀನಿಗೂ ನಡುವಣ ಮೆಟ್ಟಿಲು ಇವು.

ಶುಭ್ರವಾದ ಗಾಜಿನ ಲೋಟದಲ್ಲಿ ಕೆರೆಯ ನೀರನ್ನು ತುಂಬಿ ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ಕುಪ್ಪಳಿಸುವುದು ಬರಿಗಣ್ಣಿಗೇ ಕಾಣುತ್ತದೆ. ತಡೆದು ತಡೆದು ಜಿಗಿಯುವುದು ನೀರುಚಿಗಟ. ಅದರ ಮೈ ಎಷ್ಟು ಪಾರದರ್ಶಕವೆಂದರೆ ಮಿಡಿಯುವ ಹೃದಯವನ್ನೂ ಹೊಟ್ಟೆಯೊಳಗಿನ ಹಸಿರು ಪಾಚಿಯನ್ನೂ ಬೆನ್ನಿನ ಚೀಲದಲ್ಲಿರುವ ಮರಿಗಳನ್ನೂ ಹೊರಗಿನಿಂದಲೇ ನೋಡಬಹುದು. ಬಾಣದಂತೆ ಚಿಮ್ಮಿ ಹೋಗುವುದು ಕೋಪೆಪೋಡ್. ದೋಣಿಯ ಹುಟ್ಟಿನಂಥ ಕಾಲುಳ್ಳದ್ದು ಎಂದು ಆ ಹೆಸರಿನ ಅರ್ಥ. ಅದರಲ್ಲಿ ಒಂದೇ ಕಣ್ಣಿನ ಸೈಕ್ಲಾಪ್ಸ್‌ಗೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿದೆ, ದೇಹ ಮಾತ್ರ ಎಳ್ಳಿಗಿಂತ ಚಿಕ್ಕದು. ಇನ್ನೂ ಚಿಕ್ಕವು ರೋಟಿಫರ್‌ಗಳು. ತಲೆಯ ಮೇಲಿನ ರೋಮಗಳು ಅಲೆಯಲೆಯಾಗಿ ಬಡಿಯುವಾಗ ಗಾಲಿ ತಿರುಗಿದಂತೆ ಕಾಣುವುದರಿಂದ ಅವಕ್ಕೆ ಚಕ್ರಧಾರಿಗಳೆಂಬ ಅರ್ಥದ ಹೆಸರು ಬಂದಿದೆ. ಕೆರೆ ಬತ್ತುವ ಕಾಲಕ್ಕೆ ಇವುಗಳಲ್ಲಿ ಅನೇಕವು ಗಟ್ಟಿ ಕವಚದ ಮೊಟ್ಟೆಗಳನ್ನು ಇಟ್ಟು ಸಾಯುತ್ತವೆ. ಆ ಮೊಟ್ಟೆಗಳು ಬೇಸಗೆಯನ್ನು ಒಣ ಹೂಳಿನಲ್ಲಿ ಕಳೆದು, ಮುಂಗಾರು ಬಿದ್ದು ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಬತ್ತಿದ ಕೆರೆ ಸತ್ತ ಕೆರೆಯಲ್ಲ.

ಇವುಗಳನ್ನು ಗುರುತಿಸುವುದರಿಂದ ಊರಿಗೆ ಆಗುವ ಪ್ರಯೋಜನವೇನೆಂದು ಕೇಳಬಹುದು. ಅದಕ್ಕೆ ನಮ್ಮ ನಾಡಿನಿಂದಲೇ ಒಂದು ಉತ್ತರವಿದೆ.

1980ರ ದಶಕದ ಮೊದಲ ವರ್ಷಗಳಲ್ಲಿ, ಇಂದು ನಾವು ಕಲ್ಯಾಣ ಕರ್ನಾಟಕವೆನ್ನುವ ಭಾಗದ ಊರೊಂದರಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿ ಸೇರಿದ್ದೆ. ನಾನಿದ್ದ ಬಾಡಿಗೆಮನೆಯ ಪಕ್ಕದಲ್ಲಿ ಒಬ್ಬ ರೈತ ಅಂಗಳದಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದ. ಪಾದದ ಮೇಲಿನ ಹುಣ್ಣಿನಿಂದ ಬಿಳಿಯ ದಾರದಂಥ ಒಂದು ಹುಳು ಹೊರಬರುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು, ತುಂಡಾದರೆ ಕಾಲೇ ಕೀವುಗಟ್ಟುತ್ತದೆ. ಬಿತ್ತನೆಯ ಕಾಲವೆಲ್ಲ ಅವನು ಹಾಗೆಯೇ ಕುಳಿತು ಕಳೆದ. ಅಲ್ಲಿನವರು ಇದನ್ನು ನಾರುಹುಣ್ಣು ಎನ್ನುತ್ತಿದ್ದರು. ಹೆಣ್ಣುಹುಳು ಒಂದು ಮೀಟರಿನವರೆಗೂ ಬೆಳೆಯುವುದುಂಟು.

ಈ ಹುಳು ಮನುಷ್ಯನ ಮೈಯನ್ನು ಸೇರುವುದು ಸೈಕ್ಲಾಪ್ಸ್ ಮೂಲಕ. ರೋಗಿ ಮೆಟ್ಟಿಲುಬಾವಿಗೆ ಇಳಿದಾಗ ಹುಣ್ಣಿನಿಂದ ಮರಿಗಳು ನೀರಿಗೆ ಬೀಳುತ್ತವೆ. ಅವನ್ನು ಸೈಕ್ಲಾಪ್ಸ್ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಹುಣ್ಣು ಕಾಣಿಸಿಕೊಳ್ಳುತ್ತದೆ. ಈ ಸಂಬಂಧವನ್ನು 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡುಹಿಡಿದವನು ರಷ್ಯದ ಅಲೆಕ್ಸಿ ಫೆಡ್‌ಚೆಂಕೊ. ನಮ್ಮ ದೇಶದಲ್ಲಿ 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಮೊದಲಾದಾಗ, ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ 12,000ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಮಾಡಬಹುದಾಗಿದ್ದುದು ನೀರಿನ ಕೆಲಸ ಮಾತ್ರ: ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡುವುದು, ಕೊಳವೆಬಾವಿ ತೋಡುವುದು, ಮನೆಮನೆಗೂ ಸೋಸುವ ಬಟ್ಟೆ ಕೊಡುವುದು, ಸೈಕ್ಲಾಪ್ಸ್ ಇರುವ ನೀರಿಗೆ ಔಷಧಿ ಹಾಕುವುದು. ಆ ಕೆಲಸವನ್ನು ಮಾಡಿದವರು ದೊಡ್ಡ ವಿಜ್ಞಾನಿಗಳಲ್ಲ, ಹಳ್ಳಿಯಿಂದ ಹಳ್ಳಿಗೆ ಅಲೆದ ಆರೋಗ್ಯ ಕಾರ್ಯಕರ್ತರು. ಜಿಗಿಯುವ ಚುಕ್ಕೆಯನ್ನು ಲೋಟದಲ್ಲಿ ಹಿಡಿದು ‘ಇಗೋ, ನಿಮ್ಮ ನಾರುಹುಣ್ಣು ಇದರಲ್ಲಿದೆ’ ಎಂದು ತೋರಿಸಬಲ್ಲವನಿಗೆ ಹಳ್ಳಿಯ ಜನ ಕಿವಿಗೊಡುವಷ್ಟು, ಗೋಡೆಯ ಮೇಲಿನ ಬರೆಹಕ್ಕೆ ಕಣ್ಣುಕೊಡುವುದಿಲ್ಲ. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ದೃಢಪಡಿಸಿತು.

ಇಷ್ಟರಿಂದ ಸೈಕ್ಲಾಪ್ಸ್ ನಮ್ಮ ಶತ್ರು, ಅದನ್ನು ಎಲ್ಲಿ ಕಂಡರೂ ಕೊಲ್ಲಬೇಕು ಎಂದು ತೀರ್ಮಾನಿಸಿದರೆ ಎಡವುತ್ತೇವೆ. ವಿಯೆಟ್ನಾಂ ದೇಶದಲ್ಲಿ ಡೆಂಗಿ ಜ್ವರ ಬಹಳ ದಿನಗಳಿಂದ ಕಾಡುತ್ತಿತ್ತು. ಅಲ್ಲಿನ ಜನ ನೀರನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿಡುತ್ತಾರೆ, ಜ್ವರವನ್ನು ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ವೂ ಸಿನ್ ನಾಮ್ ಎಂಬ ಅಲ್ಲಿನ ವಿಜ್ಞಾನಿ ಮತ್ತು ಆಸ್ಟ್ರೇಲಿಯದ ಬ್ರಯನ್ ಕೇ ಒಂದಾಗಿ, ಸೈಕ್ಲಾಪ್ಸ್ ಬಳಗಕ್ಕೇ ಸೇರಿದ ಮೀಸೊಸೈಕ್ಲಾಪ್ಸ್‌ಗಳನ್ನು ಈ ತೊಟ್ಟಿಗಳಿಗೆ ಬಿಡಿಸಿದರು. ಆಗತಾನೆ ಹುಟ್ಟಿದ ಸೊಳ್ಳೆಮರಿಗಳನ್ನು ಇವು ಹಿಡಿದು ತಿನ್ನುತ್ತವೆ. 1993ರಲ್ಲಿ ಉತ್ತರ ವಿಯೆಟ್ನಾಮಿನ ಒಂದು ಹಳ್ಳಿಯಲ್ಲಿ ಮೊದಲಾದ ಈ ಪ್ರಯೋಗ, ಊರಿನ ಜನರ, ಶಾಲಾಮಕ್ಕಳ ಕೈಯಿಂದಲೇ ಅನೇಕ ಊರುಗಳಿಗೆ ಹಬ್ಬಿತು. ಆ ಊರುಗಳಲ್ಲಿ ಹೆಚ್ಚಿನವುಗಳಲ್ಲಿ ಆ ಸೊಳ್ಳೆಯೇ ಇಲ್ಲವಾದುದನ್ನು 2005ರಲ್ಲಿ ಅವರು ಪ್ರಕಟಿಸಿದರು. ಇಲ್ಲಿ ಗಮನಿಸಬೇಕಾದ ಮಾತು ಇದು. ಎಲ್ಲ ಸೈಕ್ಲಾಪ್ಸ್‌ಗಳೂ ಸೊಳ್ಳೆಮರಿಯನ್ನು ತಿನ್ನುವುದಿಲ್ಲ. ಮೈ ದೊಡ್ಡದಾದ ಕೆಲವು ಜಾತಿಗಳು ಮಾತ್ರ ತಿನ್ನುತ್ತವೆ, ಚಿಕ್ಕವಕ್ಕೆ ಆ ಶಕ್ತಿಯಿಲ್ಲ. ಯಾವುದು ಯಾವುದೆಂದು ಗುರುತಿಸುವ ಕಣ್ಣು ಅಲ್ಲಿ ಇಲ್ಲದಿದ್ದರೆ ಇಡೀ ಯೋಜನೆ ತೊಟ್ಟಿಯ ತಳದಲ್ಲಿಯೇ ಕೊಳೆಯುತ್ತಿತ್ತು. ಒಂದೇ ಬಳಗ, ಒಂದು ನಾಡಿನಲ್ಲಿ ರೋಗದ ವಾಹನ, ಇನ್ನೊಂದು ನಾಡಿನಲ್ಲಿ ರೋಗದ ವೈರಿ. ಹೆಸರು ತಿಳಿಯದೆ ನೀರಿಗೆ ಕೈಹಾಕಬಾರದು.

ಹಾಗೆ ಕೈಹಾಕಿದ್ದರ ಕಥೆಯೂ ನಮ್ಮಲ್ಲಿಯೇ ಇದೆ. ಮಲೇರಿಯ ಸೊಳ್ಳೆಯನ್ನು ತಡೆಯಲೆಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯ ಎಂಬ ಸಣ್ಣ ಮೀನನ್ನು ಭಾರತಕ್ಕೆ ತಂದರು. ಬಳಿಕ ಅದು ದೇಶದ ಕೆರೆಬಾವಿಗಳಲ್ಲೆಲ್ಲ ಹಬ್ಬಿತು. ಸೊಳ್ಳೆಮರಿಯನ್ನು ತಿನ್ನುವುದು ನಿಜ. ಆದರೆ ಅದು ಸೊಳ್ಳೆಮರಿಯನ್ನು ಮಾತ್ರ ತಿಂದು ತೃಪ್ತಿಪಡುವ ವ್ರತಧಾರಿಯಲ್ಲ. ಅಮೆರಿಕದಲ್ಲಿ ಹರ್ಲ್‌ಬರ್ಟ್ ಮತ್ತು ಸಂಗಡಿಗರು ಕೆಲವು ಕೃತಕ ಕೊಳಗಳಿಗೆ ಈ ಮೀನನ್ನು ಬಿಟ್ಟು, ಕೆಲವಕ್ಕೆ ಬಿಡದೆ ಹೋಲಿಸಿ ನೋಡಿ 1972ರಲ್ಲಿ ಬರೆದರು. ಮೀನು ಬಿಟ್ಟ ಕೊಳಗಳಲ್ಲಿ ನೀರುಚಿಗಟವೇ ಮೊದಲಾದವು ಕ್ಷೀಣಿಸಿ, ಪಾಚಿಯನ್ನು ಮೇಯುವವರಿಲ್ಲದೆ ನೀರು ದಟ್ಟವಾಗಿ ಹಸಿರುಗಟ್ಟಿತು. ಹುಲ್ಲು ಮೇಯುವ ದನವನ್ನು ಹೊಡೆದಟ್ಟಿದರೆ ಹುಲ್ಲು ಬೆಳೆದು ದಾರಿ ಮುಚ್ಚುವುದು ಯಾವ ರೈತನಿಗೆ ತಿಳಿಯದು? ನೀರಿನೊಳಗಿನ ದನಗಳನ್ನು ನಾವು ಕಾಣಲಾರೆವು, ಅಷ್ಟೆ ಭೇದ.

ಕೊಳೆಯ ವಿಚಾರದಲ್ಲಿಯೂ ಇವು ಮಾತನಾಡುತ್ತವೆ. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆಯೂ ಬೆಂಕಿಯೂ 2015ರಿಂದ ಮುಂದಕ್ಕೆ ದೇಶವೆಲ್ಲ ನೋಡಿದ ಚಿತ್ರಗಳು. ಇಂಥ ಅನಾಹುತವಾದ ಮೇಲೆ ಅಧಿಕಾರಿಗಳು ಬಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಆ ಸೀಸೆ ಆ ಗಳಿಗೆಯ ಮಾತನ್ನು ಹೇಳುತ್ತದೆ. ನೀರಿನಲ್ಲಿರುವ ಜೀವಿಗಳಾದರೋ ಕಳೆದ ಹಲವು ವಾರಗಳ ಚರಿತ್ರೆಯನ್ನು ಹೇಳುತ್ತವೆ. ಚರಂಡಿಯ ನೀರು ಹೆಚ್ಚುತ್ತ ಬಂದಂತೆ ಹಲವು ಬಗೆಯ ಜೀವಿಗಳಿದ್ದ ಕಡೆ ಕೆಲವೇ ಬಗೆಯವು ಉಳಿದು, ಅವುಗಳ ಸಂಖ್ಯೆ ವಿಪರೀತವಾಗುತ್ತದೆ. ಬ್ರಾಕಿಯೋನಸ್ ಕುಲದ ರೋಟಿಫರ್‌ಗಳು, ಮೊಯಿನ ಎಂಬ ನೀರುಚಿಗಟ, ಇವು ಇಂಥ ನೀರಿನಲ್ಲಿ ಹುಲುಸಾಗುತ್ತವೆ. ಪ್ರಾಣವಾಯು ಕಡಮೆಯಾದ ನೀರಿನಲ್ಲಿ ಮೊಯಿನದ ಮೈ ಕೆಂಪೇರುವುದುಂಟು, ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನನ್ನೇ ಅದೂ ತಯಾರಿಸಿಕೊಳ್ಳುತ್ತದೆ. ಮೀನು ಸತ್ತು ತೇಲುವ ಮುನ್ನವೇ ಕೆಡುಕಿನ ಈ ಲಕ್ಷಣಗಳನ್ನು ಓದಬಹುದು, ಓದುವವರಿದ್ದರೆ.

ಮೀನು ಸಾಕುವವರಿಗೂ ಈ ಓದು ಬೇಕು. ಮೊಟ್ಟೆಯೊಡೆದ ಮೀನುಮರಿಯ ಬಾಯಿ ಬಹು ಚಿಕ್ಕದು. ಅದಕ್ಕೆ ಮೊದಲು ರೋಟಿಫರ್, ಸ್ವಲ್ಪ ಬೆಳೆದ ಮೇಲೆ ಮೊಯಿನದಂಥವು ಆಹಾರ. ಕಾಟ್ಲಾ ಮೀನಂತೂ ದೊಡ್ಡದಾದ ಮೇಲೂ ಮೇಲುನೀರಿನ ಪ್ರಾಣಿಪ್ಲವಕಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿರುತ್ತದೆ. ಆದರೆ ಅದೇ ಕೊಳದಲ್ಲಿ ಸೈಕ್ಲಾಪ್ಸ್ ಹೆಚ್ಚಿದರೆ ಎಳೆಯ ಮರಿಗಳಿಗೇ ಅದು ಅಪಾಯ. ಯಾವ ದಿನ ಮರಿ ಬಿಡಬೇಕೆಂಬ ತೀರ್ಮಾನ ನೀರಿನಲ್ಲಿ ಯಾರಿದ್ದಾರೆಂಬುದನ್ನು ಅವಲಂಬಿಸಿದೆ.

ಇನ್ನು ಕುಡಿಯುವ ನೀರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕೆಂಬುದು ಜೈನ ಶ್ರಾವಕರ ನಿಯಮ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಕಡೆಗೇ ಮರಳಿ ಬಿಡಬೇಕೆಂಬ ಸೂಕ್ಷ್ಮವೂ ಅದರಲ್ಲಿದೆ. ಕಾಲರಾ ರೋಗಾಣುಗಳು ಕೋಪೆಪೋಡ್‌ಗಳ ಮೈಗೆ ಅಂಟಿಕೊಂಡಿರುತ್ತವೆ ಎಂಬುದನ್ನು ತೋರಿಸಿದ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಪ್ರಯೋಗ ನಡೆಸಿ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ ಶೇಕಡ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಅಹಿಂಸೆಗೆಂದು ಹುಟ್ಟಿದ ಆಚಾರ ಆರೋಗ್ಯಕ್ಕೂ ಆಗಿಬಂದದ್ದು ಹೀಗೆ.

ಗುರುತಿಸುವ ಕೆಲಸ ಸುಲಭವೆ? ಇಲ್ಲಿಗೆ ಬಂದಾಗ ನನಗೆ ನನ್ನ ಕ್ಷೇತ್ರದ ನೆನಪಾಗುತ್ತದೆ. ಹಳೆಯ ತಾಳೆಗರಿಯಲ್ಲಿ ಪಕಾರ, ವಕಾರ, ಮಕಾರಗಳು ಒಂದನ್ನೊಂದು ಹೋಲುತ್ತವೆ. ಲಿಪಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡ ಮಾತ್ರಕ್ಕೆ ಓಲೆ ಓದಲು ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು, ಅವರು ತೋರಿಸಿದ್ದನ್ನು ನೋಡಿ, ತಪ್ಪು ಓದಿ, ತಿದ್ದಿಸಿಕೊಂಡು, ಕೆಲವು ವರ್ಷಗಳಾದ ಮೇಲೆ ಕಣ್ಣು ತೆರೆಯುತ್ತದೆ. ಪ್ಲವಕಗಳ ಓದೂ ಅಂಥದೇ. ಸೈಕ್ಲಾಪ್ಸ್‌ಗಳ ಜಾತಿಯನ್ನು ನಿರ್ಣಯಿಸುವುದಕ್ಕೆ ಕೂದಲೆಳೆಗಿಂತ ಚಿಕ್ಕದಾದ ಐದನೆಯ ಕಾಲನ್ನು ನೋಡಬೇಕು. ರೋಟಿಫರನ್ನು ಕವಚದ ಮುಳ್ಳುಗಳಿಂದ ಗುರುತಿಸಬೇಕು, ಆದರೆ ಮುಳ್ಳುಗಳನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಬ್ರಾಕಿಯೋನಸ್‌ನ ಒಂದು ಜಾತಿ, ತನ್ನನ್ನು ತಿನ್ನುವ ಆಸ್ಪ್ಲಾಂಕ್ನ ಎಂಬ ಇನ್ನೊಂದು ರೋಟಿಫರ್ ನೀರಿನಲ್ಲಿದ್ದರೆ, ಆ ನೀರಿನ ವಾಸನೆಯನ್ನೇ ಹಿಡಿದು ಉದ್ದ ಮುಳ್ಳುಗಳುಳ್ಳ ಮರಿಗಳನ್ನು ಹೆರುತ್ತದೆ. ವೈರಿಯಿಲ್ಲದಾಗ ಮುಳ್ಳುಗಳು ಗಿಡ್ಡ. ಪುಸ್ತಕದ ಒಂದು ಚಿತ್ರವನ್ನೇ ನಂಬಿದವನು ತಾಯಿಯನ್ನೂ ಮಗಳನ್ನೂ ಎರಡು ಜಾತಿಗಳೆಂದು ಬರೆದಿಟ್ಟಾನು.

ಪುಸ್ತಕ ಪರದೇಶದ್ದಾದರೆ ಗೊಂದಲ ಇನ್ನೂ ಹೆಚ್ಚು. ನಮ್ಮ ಬಾವಿಗಳ ಮೀಸೊಸೈಕ್ಲಾಪ್ಸನ್ನು ಬಹುಕಾಲ ಲ್ಯೂಕಾರ್ಟಿ ಎಂಬ ಯೂರೋಪಿನ ಜಾತಿಯ ಹೆಸರಿನಿಂದಲೇ ಕರೆಯುತ್ತಿದ್ದರು. 1981ರಲ್ಲಿ ಜರ್ಮನಿಯ ಫ್ರೀಡ್ರಿಶ್ ಕೀಫರ್ ಈ ಗುಂಪನ್ನು ಮತ್ತೆ ಪರಿಶೀಲಿಸಿ, ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಜಾತಿಗಳು ಅಡಗಿಕೊಂಡಿವೆಯೆಂದು ತೋರಿಸಿದರು. ನೀರುಚಿಗಟಗಳ ವಿಷಯದಲ್ಲಿಯೂ ಅಮೆರಿಕದ ಡೇವಿಡ್ ಫ್ರೇ 1980ರ ದಶಕದಲ್ಲಿ ಇದೇ ವಾದವನ್ನು ಮುಂದಿಟ್ಟರು. ಪ್ರಪಂಚದ ಎಲ್ಲ ಕಡೆಯೂ ಒಂದೇ ಜಾತಿಯಿದೆಯೆಂದು ತೋರುವುದು ಎಷ್ಟೋ ವೇಳೆ ನೋಡುವವರ ಅವಸರದ ಫಲ. ಕೀಫರ್ ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದವರು ಎಂಬುದನ್ನು ನಮ್ಮ ಉಪಾಧ್ಯಾಯರು ಗಮನಿಸಬೇಕು.

ಸ್ಥಳೀಯವಾಗಿ ಪರಿಣತರನ್ನು ಬೆಳೆಸುವುದು ಸಾಧ್ಯವೆ ಎಂಬ ಶಂಕೆಗೆ ಕೊಚ್ಚಿ ನಗರವೇ ಉತ್ತರ. 1960ರಿಂದ 1965ರವರೆಗೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆ ನಡೆಯಿತು. ಹಲವು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಭಾಗವಹಿಸಿದ್ದವು. ಒಂದೇ ಮಾದರಿಯ ಬಲೆಯನ್ನು 200 ಮೀಟರ್ ಆಳದಿಂದ ಮೇಲಕ್ಕೆ ಎಳೆದು ಪ್ಲವಕಗಳನ್ನು ಸಂಗ್ರಹಿಸುವ ಏರ್ಪಾಡಾಯಿತು. ಈ ಸಂಗ್ರಹವನ್ನು ಶ್ರೀಮಂತ ದೇಶಗಳ ವಸ್ತುಸಂಗ್ರಹಾಲಯಗಳಿಗೆ ಸಾಗಿಸಿ ನಿಶ್ಚಿಂತರಾಗಬಹುದಿತ್ತು. ಹಾಗೆ ಮಾಡದೆ, ಯುನೆಸ್ಕೊ ನೆರವಿನಿಂದ ಕೊಚ್ಚಿಯಲ್ಲಿ ಹಿಂದೂ ಮಹಾಸಾಗರ ಜೀವವಿಜ್ಞಾನ ಕೇಂದ್ರವನ್ನು ತೆರೆದು, ಮಾದರಿಗಳು ಅಲ್ಲಿಗೇ ಬರುವಂತೆ ಮಾಡಿದರು. ಪರದೇಶದ ತಜ್ಞರು ಬಂದು ಪಕ್ಕದಲ್ಲಿ ಕುಳಿತು ಕಲಿಸಿದರು. ನಮ್ಮ ಎಳೆಯ ಪದವೀಧರರು ಸೀಸೆಯಿಂದ ಸೀಸೆಗೆ ಜೀವಿಗಳನ್ನು ವಿಂಗಡಿಸುತ್ತ ಕಲಿತರು. ಎನ್. ಕೆ. ಪಣಿಕ್ಕರ್ ಅವರ ಮುಂದಾಳುತನದಲ್ಲಿ ಹಿಂದೂ ಮಹಾಸಾಗರದ ಪ್ಲವಕಗಳ ನಕ್ಷೆಗಳೇ ಸಿದ್ಧವಾದವು. 1966ರ ಜನವರಿ 1ರಂದು ಸ್ಥಾಪನೆಯಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಆ ಕೇಂದ್ರ ಲೀನವಾಯಿತು. ಸಮುದ್ರದ ಪ್ಲವಕಗಳನ್ನು ಬಲ್ಲ ಒಂದು ತಲೆಮಾರು ನಮ್ಮ ದೇಶದಲ್ಲಿ ಬೆಳೆದದ್ದು ಹೀಗೆ: ವಸ್ತುವನ್ನು ಗುರುವಿದ್ದಲ್ಲಿಗೆ ಕಳುಹಿಸದೆ, ವಸ್ತುವಿದ್ದಲ್ಲಿಗೆ ಗುರುವನ್ನು ಕರೆಸಿದ್ದರಿಂದ.

ಸಿಹಿನೀರಿನಲ್ಲಿಯೂ ನಾವು ಬರಿಗೈಯವರಲ್ಲ. ಭಾರತದ ನೀರುಚಿಗಟಗಳನ್ನು ಕುರಿತು ಮೈಕೇಲ್ ಮತ್ತು ಶರ್ಮ ಬರೆದ ಗ್ರಂಥವನ್ನು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1988ರಲ್ಲಿ ಹೊರತಂದಿತು. ಬಟ್ಟಿಷ್ ಅವರ ಕೈಪಿಡಿ 1992ರಲ್ಲಿ ಬಂತು. ಆದರೆ ಗ್ರಂಥವಿದ್ದರೆ ಸಾಲದು, ಪರಂಪರೆ ಬೇಕು. ನನಗೆ ಈ ಲೋಕವನ್ನು ತೋರಿಸಿದ ಸಹೋದ್ಯೋಗಿ ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತುಂಬಲಿಲ್ಲ. ಇಪ್ಪತ್ತು ವರ್ಷಗಳ ಕಾಲ ತಿಂಗಳು ತಿಂಗಳೂ ಅವರು ಸಿದ್ಧಪಡಿಸಿದ ಗಾಜಿನ ಪಟ್ಟಿಗಳ ಪೆಟ್ಟಿಗೆಗಳು ಬೀರುವಿನಲ್ಲಿ ಬಿದ್ದಿದ್ದವು. ಚೀಟಿಗಳ ಮೇಲಿನ ಅವರ ಸಂಕೇತಾಕ್ಷರಗಳು ಯಾವ ಕೆರೆಯನ್ನು, ಯಾವ ತಿಂಗಳನ್ನು ಸೂಚಿಸುತ್ತವೆಂದು ಹೇಳಬಲ್ಲವರು ಅಲ್ಲಿ ಉಳಿದಿರಲಿಲ್ಲ. ಕೋಣೆಗೆ ಸುಣ್ಣ ಹೊಡೆಯುವ ಕಾಲ ಬಂದಾಗ ಪೆಟ್ಟಿಗೆಗಳು ಹಳೆಯ ಸಾಮಾನಿನ ಜೊತೆ ಹೊರಬಿದ್ದವು. ಹುಳು ತಿಂದ ಓಲೆಯ ಕಟ್ಟನ್ನು ಹೊಳೆಗೆ ಬಿಟ್ಟ ಮನೆತನಗಳನ್ನು ಕಂಡು ಮರುಗಿದವನು ನಾನು. ಇದು ಅದಕ್ಕಿಂತ ಬೇರೆಯೆಂದು ನನಗೆ ತೋರಲಿಲ್ಲ. ಆ ಕೆರೆಗಳು ಇಪ್ಪತ್ತು ವರ್ಷಗಳಲ್ಲಿ ಹೇಗೆ ಬದಲಾದವೆಂಬುದನ್ನು ಇನ್ನು ಯಾವ ಯಂತ್ರದಿಂದಲೂ ತಿಳಿಯಲಾಗದು.

ಇಂದು ನೀರಿನಲ್ಲಿರುವ ಡಿಎನ್‌ಎ ಅಂಶವನ್ನು ಪರೀಕ್ಷಿಸಿಯೇ ಅದರಲ್ಲಿರುವ ಜೀವಿಗಳ ಪಟ್ಟಿಯನ್ನು ಕೊಡಬಲ್ಲ ವಿಧಾನಗಳು ಬಂದಿವೆ, ಕಣ್ಣಿನ ಓದು ಇನ್ನೇಕೆ ಎಂದು ಕೇಳುವವರಿದ್ದಾರೆ. ವಿಧಾನ ಒಳ್ಳೆಯದೇ. ಆದರೆ ಯಂತ್ರ ಕೊಡುವುದು ಅಕ್ಷರಗಳ ಸಾಲನ್ನು. ಆ ಸಾಲು ಯಾವ ಜೀವಿಯದೆಂದು ಹೇಳುವುದಕ್ಕೆ ಒಂದು ನಿಘಂಟು ಬೇಕು. ಆ ನಿಘಂಟಿನ ಒಂದೊಂದು ಪದವನ್ನೂ, ಜೀವಿಯನ್ನು ಕೈಯಲ್ಲಿ ಹಿಡಿದು ‘ಇದು ಇಂಥದು’ ಎಂದು ಬಲ್ಲವನೊಬ್ಬ ಮೊದಲು ಬರೆದಿರಬೇಕು. ನಮ್ಮ ಕೆರೆಗಳ ಜೀವಿಗಳನ್ನು ನಾವು ಬರೆಯದಿದ್ದರೆ ಯಂತ್ರ ಮತ್ತೆ ಯೂರೋಪಿನ ಹೆಸರನ್ನೇ ನಮಗೆ ಅಂಟಿಸುತ್ತದೆ.

ಮಾಡಬಹುದಾದದ್ದು ಏನು? ತಾಲ್ಲೂಕಿನ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿದೆ, ಎದುರಿಗೆ ಕೆರೆಯಿದೆ, ಓದುವ ಹುಡುಗ ಹುಡುಗಿಯರಿದ್ದಾರೆ. ಹಿಂದೆ ಗಿರಣಿಗಳಲ್ಲಿ ಹಿಟ್ಟು ಜರಡಿಹಿಡಿಯುತ್ತಿದ್ದ ರೇಷ್ಮೆಬಟ್ಟೆಯಿಂದಲೇ ಪ್ಲವಕದ ಬಲೆಗಳನ್ನು ಹೊಲಿಯುತ್ತಿದ್ದರು, ಈಗ ನೈಲಾನಿನದು ಬಂದಿದೆ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಅಳತೆಯಿಟ್ಟ ನೀರನ್ನು ಸೋಸಬೇಕು. ಹೊತ್ತಿನ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಇವುಗಳಲ್ಲಿ ಅನೇಕವು ಹಗಲು ಆಳಕ್ಕಿಳಿದು ರಾತ್ರಿ ಮೇಲಕ್ಕೆ ಬರುತ್ತವೆ. ಮೊದಲ ವರ್ಷ ನಾಲ್ಕು ದೊಡ್ಡ ಗುಂಪುಗಳನ್ನು ಬೇರ್ಪಡಿಸಿ ಎಣಿಸಲು ಬಂದರೆ ಸಾಕು, ಎರಡನೆಯ ವರ್ಷ ಕುಲಗಳು. ಜಾತಿಯ ನಿರ್ಣಯವನ್ನು ಬಲ್ಲವರಿಗೆ ಕಳುಹಿಸಿ ದೃಢಪಡಿಸಿಕೊಳ್ಳಬೇಕು, ಮಾದರಿಯನ್ನು ಮಾತ್ರ ಇಲ್ಲಿಯೇ ಸ್ಪಷ್ಟವಾದ ಚೀಟಿಯೊಡನೆ ಉಳಿಸಿಕೊಳ್ಳಬೇಕು. ತಿಳಿಯದ ಕಡೆ ‘ತಿಳಿಯದು’ ಎಂದೇ ಬರೆಯಬೇಕು. ಓಲೆ ಮುರಿದ ಕಡೆ ಚುಕ್ಕೆಯಿಟ್ಟು ಮುಂದಕ್ಕೆ ಹೋಗುವ ಸಂಪಾದಕನೇ ಪ್ರಾಮಾಣಿಕ, ತಾನೇ ಪದ್ಯ ಹೊಸೆದು ತುಂಬುವವನಲ್ಲ.

ಇನ್ನೊಂದು ಕೆಲಸ ಭಾಷೆಯದು, ಅದು ನಮ್ಮಂಥವರ ಪಾಲಿನದು. ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು, ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದು ಗಿಡಗಳನ್ನು ಗುರುತಿಸುವ ಕೆಲಸವನ್ನು ಕನ್ನಡಿಗರ ಮನೆಮಾತಾಗಿಸಿದರು. ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಬರೆದು ಹಕ್ಕಿಗಳಿಗೆ ಅದನ್ನೇ ಮಾಡಿದರು. ಕೆರೆಯ ಹನಿಯೊಳಗಿನ ಜೀವಿಗಳಿಗೆ ಅಂಥ ಭಾಗ್ಯ ಬರಬೇಕಾಗಿದೆ. ಚಿತ್ರಗಳೊಡನೆ, ಪಿಯುಸಿ ಓದಿದವರಿಗೂ ಅರ್ಥವಾಗುವ ಕನ್ನಡದಲ್ಲಿ, ಆಯಾ ಸೀಮೆಯ ಕೆರೆಗಳಿಗೇ ಒಪ್ಪುವ ಕೈಪಿಡಿಗಳು ಬೇಕು. ಲ್ಯಾಟಿನ್ ಹೆಸರು ಲೋಕದ ವ್ಯವಹಾರಕ್ಕೆ ಇರಲಿ, ನೀರುಚಿಗಟವೆಂಬ ಹೆಸರು ನಮ್ಮ ವ್ಯವಹಾರಕ್ಕೆ ಇರಲಿ.

ಬೆಂಗಳೂರಿನ ಕೊಳೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಮೊದಲಾಯಿತು. ಬತ್ತಿದ್ದ ಕೆರೆಗಳಲ್ಲಿ ನೀರು ಕಂಡು ರೈತರು ಸಂತೋಷಪಟ್ಟರು. ನೀರಿನ ಗುಣವನ್ನು ಕುರಿತು ವಾದವಿವಾದಗಳೂ ನಡೆದವು. ಇಂಥ ವಾದಗಳಲ್ಲಿ ಒಂದು ಕಡೆಯವರು ಒಂದು ವರದಿಯನ್ನು ಹಿಡಿದರೆ ಇನ್ನೊಂದು ಕಡೆಯವರು ಇನ್ನೊಂದನ್ನು ಹಿಡಿಯುತ್ತಾರೆ. ಎರಡೂ ದೂರದಿಂದ ಬಂದವು. ಕೆರೆಯ ದಡದ ಕಾಲೇಜಿನಲ್ಲಿಯೇ ಹತ್ತು ವರ್ಷಗಳ ಲೆಕ್ಕವನ್ನು ಬರೆದಿಟ್ಟ ಪುಸ್ತಕವೊಂದಿದ್ದರೆ, ಊರಿನವರು ಅದನ್ನು ತೆರೆದು ತಾವೇ ನೋಡಬಹುದಲ್ಲವೆ?

ಕರ್ನಾಟಕದಲ್ಲಿ ಸಾವಿರಾರು ಕೆರೆಗಳಿವೆ. ಹೂಳೆತ್ತುವುದಕ್ಕೆ, ಏರಿ ಕಟ್ಟುವುದಕ್ಕೆ, ಸುತ್ತಲೂ ನಡೆಯುವ ದಾರಿ ಮಾಡಿ ಕಾರಂಜಿ ಹಾರಿಸುವುದಕ್ಕೆ ಕೋಟಿಗಳ ಲೆಕ್ಕದಲ್ಲಿ ಹಣ ತೆಗೆದಿಡುತ್ತೇವೆ. ಆ ಲೆಕ್ಕದ ಹಾಳೆಯಲ್ಲಿ ಇನ್ನೊಂದು ಸಾಲು ಸೇರಲಿ: ನೀರನ್ನು ಓದಬಲ್ಲ ಒಬ್ಬರ ಸಂಬಳ, ಅವರ ಬಳಿ ಕಲಿಯುವ ಇಬ್ಬರ ವಿದ್ಯಾರ್ಥಿವೇತನ. ಹಿಂದಿನವರು ಬಿತ್ತುವಟ್ಟ ಬಿಟ್ಟದ್ದು ಕಲ್ಲುಮಣ್ಣಿನ ಏರಿಗೆ ಮಾತ್ರ ಅಲ್ಲ, ಕೆರೆಯನ್ನು ಬಲ್ಲ ಕೈಗಳಿಗೂ ಹೌದು.